ಮೊದಲು ಮಾಡಿದವರ ಕೈಗೆ: ಸಮುದಾಯದ ಕುಂಬಾರಿಕೆ ಗ್ಯಾಲರಿಯೊಂದನ್ನು ಮುಚ್ಚುವ ಕ್ರಮ

(ಮಂಗಳೂರಿನಲ್ಲಿ ಕುಂಬಾರರು, ಸ್ಟುಡಿಯೋ ಕಲಾವಿದರು ಮತ್ತು ಗ್ಯಾಲರಿ ನಡೆಸುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹತ್ತಾರು ಜನ ಸೇರಿ ನಡೆಸುವ ಕುಂಬಾರಿಕೆ ಗ್ಯಾಲರಿಯಲ್ಲಿ ಕಪಾಟು ಗ್ಯಾಲರಿಯದ್ದು, ದೀಪ ಗ್ಯಾಲರಿಯದ್ದು, ಬಿಲ್ ಪುಸ್ತಕವೂ ಗ್ಯಾಲರಿಯದ್ದು. ಮಡಕೆ ಮಾತ್ರ ಬೇರೆಯವರದ್ದು. ಮಾರಾಟವಾದ ಮೇಲೆ ಕಮಿಷನ್ ಹಿಡಿದು ಉಳಿದದ್ದನ್ನು ಕೊಡುತ್ತೇವೆ ಎಂಬ ಮಾತಿನ ಮೇಲೆ ಕುಂಬಾರರೂ ಕಲಾವಿದರೂ ತಂದಿಟ್ಟ ಮಾಲು ಅದು. ಆದ್ದರಿಂದ ಇಂಥ ಗ್ಯಾಲರಿ ಮುಚ್ಚುವ ಕೆಲಸದಲ್ಲಿ ಮುಕ್ಕಾಲು ಪಾಲು ವಾಪಸು ಒಪ್ಪಿಸುವ ಕೆಲಸವೇ. ಒಪ್ಪಿಸಬೇಕಾದ್ದನ್ನು ಮೊದಲು ಒಪ್ಪಿಸಿ, ಉಳಿದದ್ದು ಆಮೇಲೆ. ಇವತ್ತು ಹೇಳುವುದೆಲ್ಲ ಈ ಕ್ರಮದ ಸುತ್ತಲೇ ಇದೆ.

ಯಾಕೆ ಮುಚ್ಚುತ್ತವೆ ಎಂಬುದನ್ನು ಇಲ್ಲಿ ಕೂತವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪೇಟೆಯ ಬಾಡಿಗೆ ಏರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಗಿರಾಕಿ ಬರುವುದಿಲ್ಲ, ಸಂಬಳವಿಲ್ಲದೆ ಕೂರುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಮಣ್ಣಿನ ಉದ್ಯಮ ಮುಚ್ಚುವುದು ಈ ಊರಿಗೆ ಹೊಸತೂ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಿಂದ ಮಂಗಳೂರು ಹಂಚಿನ ಹೆಸರು ದೂರದೂರಕ್ಕೆ ಹೋಯಿತು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಆವೆಮಣ್ಣೇ ಅದಕ್ಕೆ ಆಧಾರ. ಮುಂದೆ ಕಾಂಕ್ರೀಟ್ ತಾರಸಿ ಬಂತು, ಮಣ್ಣೂ ಸೌದೆಯೂ ದುಬಾರಿಯಾದವು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾರ್ಖಾನೆಗಾದರೆ ಮಾಲೀಕರಿದ್ದರು, ಗುಮಾಸ್ತರಿದ್ದರು. ಸಮುದಾಯದ ಗ್ಯಾಲರಿಯಲ್ಲಿ ಎಲ್ಲರೂ ಮಾಲೀಕರು, ಎಲ್ಲರಿಗೂ ಬೇರೆ ಕೆಲಸವಿದೆ. ಅದಕ್ಕೇ ಮುಚ್ಚುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮಡಕೆಗಳು ಯಾರದೋ ಗ್ಯಾರೇಜಿನಲ್ಲಿ ಬೂಸ್ಟು ಹಿಡಿದು ಕೂರುತ್ತವೆ.

ಮೊದಲು ಹಣದ ಮಾತು. ಮುಚ್ಚುವುದಕ್ಕೂ ಹಣ ಬೇಕು. ಬಾಡಿಗೆ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಸರಿಯಾಗಿ ಮುಚ್ಚಲು ಐದು ತಿಂಗಳು ಬೇಕು, ಅಲ್ಲಿಗೇ 75,000 ಆಯಿತು. ಅದರ ಮೇಲೆ ವಿದ್ಯುತ್ ಬಿಲ್ಲು, ಪೆಟ್ಟಿಗೆ, ಗೂಡ್ಸ್ ಆಟೋ, ಮಡಕೆ ಸುಡುವ ಭಟ್ಟಿ ಬಿಚ್ಚುವ ಎಲೆಕ್ಟ್ರಿಷಿಯನ್, ಆಡಿಟರ್. ಇದಕ್ಕೆಲ್ಲ ಸೇರಿಸಿ ಒಂದು ಮೊತ್ತ ಬರೆದಿಡಿ. ಬ್ಯಾಂಕಿನಲ್ಲಿರುವ ಹಣ ಆ ಮೊತ್ತದ ಹತ್ತಿರಕ್ಕೆ ಇಳಿದ ದಿನವೇ ಮುಚ್ಚುವ ನಿರ್ಣಯದ ದಿನ. ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು: ಮಾರಾಟವಾಗಿ ಕುಂಬಾರರಿಗೆ ಇನ್ನೂ ಕೊಡದೆ ಉಳಿದ ಹಣವೂ ಅದೇ ಖಾತೆಯಲ್ಲಿರುತ್ತದೆ. ಅದು ಗ್ಯಾಲರಿಯ ಹಣವಲ್ಲ, ಅದನ್ನು ಕಳೆದು ಉಳಿದದ್ದನ್ನೇ ನೋಡಬೇಕು. ಬಾಡಿಗೆ ಬಾಕಿಯನ್ನು ಕುಂಬಾರರ ಹಣದಿಂದ ತೀರಿಸಿ, ಆಮೇಲೆ ಮಾರಾಟವಾದ ಹಾಗೆ ಕೊಡೋಣ ಎಂದುಕೊಳ್ಳುವಲ್ಲಿಂದಲೇ ಜಗಳ ಶುರುವಾಗುತ್ತದೆ. ಮುಚ್ಚುವ ನಿರ್ಣಯವಾದ ಮೇಲೆ ಮಾರಾಟ ಹೆಚ್ಚುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ.

ಕಾಲ ನಮ್ಮ ಕರಾವಳಿಗೆ ತಕ್ಕದಾಗಿರಲಿ. ದೀಪಾವಳಿಗೆ ಹಣತೆ ಮಾರಾಟ ಮುಗಿಯಲಿ. ಅದರ ಮರುವಾರ ಹೊಸ ಮಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿ. ಡಿಸೆಂಬರ್‌ನಲ್ಲಿ ಎಣಿಕೆ, ಜನವರಿ ಫೆಬ್ರವರಿಯಲ್ಲಿ ವಾಪಸಾತಿ ಮತ್ತು ಕೊನೆಯ ಮಾರಾಟ, ಮಾರ್ಚ್ ಒಳಗೆ ಭಟ್ಟಿ ಸಾಗಿಸಿ 31ಕ್ಕೆ ಲೆಕ್ಕ ಮುಗಿಸಿ. ಉಡುಪಿಯವರಾದರೆ ಕೃಷ್ಣಮಠದ ಪರ್ಯಾಯ ಉತ್ಸವದ ವರ್ಷ ಜನವರಿ 18ರ ಹಿಂದುಮುಂದಿನ ದಿನಗಳಲ್ಲಿ ಸಾಗಾಟ ಇಟ್ಟುಕೊಳ್ಳಬೇಡಿ, ರಥಬೀದಿಯ ಸುತ್ತಮುತ್ತ ಗಾಡಿ ಒಳಗೆ ಬರುವುದೇ ಇಲ್ಲ. ಮೇ ತಿಂಗಳಿಗೆ ದೂಡಿದರೆ ಮಳೆ ಬೆನ್ನು ಹತ್ತುತ್ತದೆ. ಒದ್ದೆ ರಟ್ಟಿನ ಪೆಟ್ಟಿಗೆಯಲ್ಲಿ ಮಡಕೆ ಕಳಿಸಿದರೆ ತಳ ಕಳಚಿ ಬೀಳುತ್ತದೆ.

ಇನ್ನು ಎಣಿಕೆ. ಎಲ್ಲ ಕಡೆ ತಾಪತ್ರಯ ಇಲ್ಲಿಯೇ ಆಗುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಇಬ್ಬರು ಕೂರಬೇಕು. ಒಬ್ಬರು ಮಡಕೆ ಕೈಗೆತ್ತಿಕೊಂಡು ಹೇಳುವುದು, ಇನ್ನೊಬ್ಬರು ಬರೆಯುವುದು. ಒಬ್ಬರೇ ಎರಡನ್ನೂ ಮಾಡಿದರೆ ಮಡಕೆ ಕೆಳಗಿಡುವ ಗಡಿಬಿಡಿಯಲ್ಲಿ ಅಂಚು ಚಕ್ಕೆ ಏಳುತ್ತದೆ, ಇಲ್ಲವೇ ಬರವಣಿಗೆ ತಪ್ಪುತ್ತದೆ. ಪ್ರತಿಯೊಂದಕ್ಕೂ ಬರೆಯಬೇಕಾದದ್ದು: ಮಾಡಿದವರ ಸಂಕೇತ, ಬಂದ ತಾರೀಕು, ಎತ್ತರ ಮತ್ತು ಅಗಲ ಸೆಂಟಿಮೀಟರಿನಲ್ಲಿ, ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಇದೆಯೋ ಇಲ್ಲವೋ, ಬೆಲೆ, ಈಗಿನ ಸ್ಥಿತಿ. ಸ್ಥಿತಿ ನೋಡಲು ಮಡಕೆಯನ್ನು ಅಂಗೈ ಮೇಲೆ ಸಡಿಲವಾಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಸದ್ದು ಗಂಟೆಯಂತೆ ಮೊಳಗಿದರೆ ಗಟ್ಟಿಯಿದೆ. ಒಡಕು ದನಿ ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಮುಚ್ಚಳ ತೆಗೆದಿಟ್ಟೇ ತಟ್ಟಬೇಕು, ಇಲ್ಲದಿದ್ದರೆ ಗಟ್ಟಿ ಮಡಕೆಯೂ ಒಡಕು ದನಿ ಕೊಡುತ್ತದೆ.

ಮಳೆಗಾಲ ಕಳೆದ ಗ್ಯಾಲರಿಯಲ್ಲಿ ಅರ್ಧದಷ್ಟು ಸ್ಟಿಕ್ಕರು ಉದುರಿ ಬಿದ್ದಿರುತ್ತದೆ. ಗ್ಲೇಜ್ ಇಲ್ಲದ ಕೆಂಪು ಮಣ್ಣಿನ ಮೇಲೆ ಗೋಂದು ನಿಲ್ಲುವುದಿಲ್ಲ. ಮಣ್ಣು ಹೀರಿದ ತೇವ ಅದನ್ನು ಹಿಂದಿನಿಂದ ಬಿಡಿಸುತ್ತದೆ. ಗಟ್ಟಿ ಸ್ಟಿಕ್ಕರ್ ಎಳೆದರೆ ಮೇಲಿನ ಕೆಮ್ಮಣ್ಣಿನ ಲೇಪವೇ ಕಿತ್ತು ಬರುತ್ತದೆ. ಎಣಿಕೆಯ ಹೊತ್ತಿಗೆ ಹೊಸ ಗುರುತು ಹಾಕುವುದಾದರೆ ಎರಡು ದಾರಿ ಇದೆ. ತಳದಲ್ಲಿ ಗ್ಲೇಜ್ ಇಲ್ಲದ ಉಂಗುರದ ಮೇಲೆ ಮಾಮೂಲಿ ಸೀಸದ ಕಡ್ಡಿಯಿಂದ ಬರೆಯಿರಿ. ಅದು ತೇವಕ್ಕೆ ಹರಡುವುದಿಲ್ಲ, ಬೇಡವಾದಾಗ ರಬ್ಬರಿನಿಂದ ಹೋಗುತ್ತದೆ. ಕುತ್ತಿಗೆಯಿರುವ ಮಡಕೆಗಾದರೆ ಹತ್ತಿ ದಾರದಲ್ಲಿ ರಟ್ಟಿನ ಚೀಟಿ ಕಟ್ಟಿ. ಬಾಲ್ ಪೆನ್ನು, ಮಾರ್ಕರ್ ಎರಡೂ ಬೇಡ. ಹೀರುವ ಮಣ್ಣಿಗೆ ಇಳಿದ ಶಾಯಿ ಮತ್ತೆ ಹೋಗುವುದಿಲ್ಲ.

ಎಣಿಕೆ ಮುಗಿದ ಮೇಲೆ ಮೂರು ಕಡೆಯ ಲೆಕ್ಕ ತಾಳೆ ನೋಡಬೇಕು: ಮಾಲು ಬಂದಾಗ ಕೊಟ್ಟ ರಸೀದಿ, ಮಾರಾಟದ ಬಿಲ್ಲು, ಕಪಾಟಿನ ಎಣಿಕೆ. ಒಬ್ಬ ಕುಂಬಾರರು 40 ಬಿಸಲೆ (ಮಣ್ಣಿನ ಅಡುಗೆ ಪಾತ್ರೆ) ತಂದುಕೊಟ್ಟಿದ್ದರು, ಒಂದಕ್ಕೆ 400 ರೂಪಾಯಿ, ಕಮಿಷನ್ ಶೇ. 30 ಎಂದಿಟ್ಟುಕೊಳ್ಳೋಣ. ಬಿಲ್ಲಿನ ಪ್ರಕಾರ ಮಾರಿದ್ದು 22, ಹಣ ಕೊಟ್ಟದ್ದು 18ಕ್ಕೆ. ಕಪಾಟಿನಲ್ಲಿ 18 ಇರಬೇಕಿತ್ತು, ಇರುವುದು 15. ಮಾರಿ ಹಣ ಕೊಡದ 4ಕ್ಕೆ ತಲಾ 280ರಂತೆ 1,120 ರೂಪಾಯಿ ಬಾಕಿ. ಕಾಣೆಯಾದ 3ಕ್ಕೆ 840. ಒಟ್ಟು 1,960 ರೂಪಾಯಿ ಹಣ ಮತ್ತು 15 ಬಿಸಲೆ, ಇಷ್ಟು ಅವರಿಗೆ ಸೇರಬೇಕಾದದ್ದು. ಒಡೆದದ್ದಕ್ಕೆ, ಕಳೆದದ್ದಕ್ಕೆ ಯಾರು ಹೊಣೆ ಎಂದು ಹಳೆಯ ಕರಾರಿನಲ್ಲಿ ಬರೆದಿರದಿದ್ದರೆ ಗ್ಯಾಲರಿಯೇ ಹೊಣೆ ಹೊರಬೇಕು ಎಂಬುದು ನಮ್ಮ ಅಭಿಪ್ರಾಯ. ಬೀಗದ ಕೈ ಇದ್ದದ್ದು ಗ್ಯಾಲರಿಯವರ ಹತ್ತಿರ ತಾನೇ.

ಈ ಲೆಕ್ಕದ ಚೀಟಿಯನ್ನು ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಬರೆದು ಕಳಿಸಿ. ವಾಟ್ಸಾಪಿನಲ್ಲಿ ಪಟ್ಟಿಯ ಫೋಟೋ ಕಳಿಸಿದರೆ ಸಾಲದು, ಹಿರಿಯ ಕುಂಬಾರರಿಗೆ ಫೋನ್ ಮಾಡಿ ಓದಿ ಹೇಳಿ. ದೈವಾರಾಧನೆಯ ಕೋಲ, ನೇಮಗಳ ಕಾಲದಲ್ಲಿ ಅವರಿಗೂ ಕೆಲಸ ಹೆಚ್ಚು, ತಕ್ಷಣ ಬರಲಾಗುವುದಿಲ್ಲ. 60 ದಿನದ ಗಡುವು ಕೊಡಿ, ಮಧ್ಯದಲ್ಲಿ ಒಮ್ಮೆ ನೆನಪಿಸಿ. ತೀರಿಕೊಂಡವರ ಮಾಲಿದ್ದರೆ ಮನೆಯವರಿಗೆ ಒಪ್ಪಿಸಿ ಸಹಿ ಪಡೆಯಿರಿ. ಗಡುವು ಕಳೆದರೂ ಯಾರೂ ಬಾರದ ಮಡಕೆಗಳನ್ನು ಏನು ಮಾಡುವುದು ಎಂಬುದನ್ನು ಮಹಾಸಭೆಯಲ್ಲಿ ಮೊದಲೇ ತೀರ್ಮಾನಿಸಿ ಅದೇ ಪತ್ರದಲ್ಲಿ ಬರೆಯಿರಿ. ಆಮೇಲೆ ಮಾಡಿದ ತೀರ್ಮಾನಕ್ಕೆ ಬೆಲೆ ಕಡಿಮೆ.

ಕೊನೆಯ ಮಾರಾಟದಲ್ಲಿ ರಿಯಾಯಿತಿ ಕೊಡಬೇಕೆಂದರೆ ಅದು ಗ್ಯಾಲರಿಯ ಪಾಲಿನಿಂದಲೇ ಹೋಗಲಿ. 1,000 ರೂಪಾಯಿಯ ಹೂಜಿಯಲ್ಲಿ ಕುಂಬಾರರಿಗೆ 700, ಗ್ಯಾಲರಿಗೆ 300 ಬರುತ್ತಿತ್ತು. ಅದನ್ನೇ 800ಕ್ಕೆ ಮಾರಿ. ಕುಂಬಾರರಿಗೆ ಅದೇ 700, ಗ್ಯಾಲರಿಗೆ 100. ಅದಕ್ಕಿಂತ ಕೆಳಗೆ ಇಳಿಸುವುದಾದರೆ ಮಾಡಿದವರ ಬರಹದ ಒಪ್ಪಿಗೆ ಬೇಕು. ಅರ್ಧ ಬೆಲೆ ಎಂದು ಬೋರ್ಡು ಹಾಕಿದರೆ ಗ್ಯಾಲರಿ ಹೋದ ಮೇಲೂ ಆ ಬೆಲೆ ಗಿರಾಕಿಯ ತಲೆಯಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಅದೇ ಕುಂಬಾರರು ಜಾತ್ರೆಯಲ್ಲಿ ಕೂತಾಗ ಅದರ ನಷ್ಟ ಅವರಿಗೇ ತಟ್ಟುತ್ತದೆ.

ಮಾರಾಟಕ್ಕೆ ಇಡುವ ಮೊದಲು ಅಡುಗೆಗೆ ಆಗುವುದು, ಬಡಿಸಲು ಮಾತ್ರ ಆಗುವುದು, ಅಲಂಕಾರಕ್ಕೆ ಮಾತ್ರ ಎಂದು ಮೂರು ಬೇರೆ ಮೇಜು ಮಾಡಿ. ನಮ್ಮ ಕಡೆಯ ಅಡುಗೆ ಎಲ್ಲ ಹುಳಿ. ಮೀನು ಸಾರಿಗೆ ಹುಣಸೆ, ಸಾರಿಗೆ ಪುನರ್ಪುಳಿ, ಉಪ್ಪಿನಕಾಯಿಗೆ ಲಿಂಬೆ. ಸರಿಯಾಗಿ ಕೂಡದ ಗ್ಲೇಜಿನಿಂದ ಲೋಹಗಳನ್ನು ಹುಳಿ ಹೊರಗೆಳೆಯುತ್ತದೆ. ಸೀಸ ಮತ್ತು ಕ್ಯಾಡ್ಮಿಯಂ ಎಷ್ಟು ಬಿಡುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡುವುದೂ ಹೀಗೆಯೇ: ಶೇ. 4ರ ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ 24 ಗಂಟೆ ನಿಲ್ಲಿಸಿ ಆ ದ್ರವವನ್ನು ಪರೀಕ್ಷಿಸುತ್ತಾರೆ. ಗ್ಯಾಲರಿಯಲ್ಲಿ ಮಾಡಬಹುದಾದದ್ದು ಇಷ್ಟು: ಪಾತ್ರೆಯ ಅರ್ಧದವರೆಗೆ ವಿನೆಗರ್ ಹಾಕಿ ಒಂದು ರಾತ್ರಿ ಮತ್ತು ಮರುದಿನ ಇಡಿ, ತೊಳೆದು ಬೆಳಕಿಗೆ ಹಿಡಿಯಿರಿ. ಗೆರೆ ಕಂಡರೆ, ಬಣ್ಣ ಮಂಕಾದರೆ, ಹೊಳಪು ಹೋದರೆ ಅದು ಊಟಕ್ಕೆ ಬೇಡ. ಗೆರೆ ಕಾಣದಿದ್ದ ಮಾತ್ರಕ್ಕೆ ಸೀಸವಿಲ್ಲ ಎಂದು ಅರ್ಥವಲ್ಲ. ಗ್ಲೇಜಿನ ಪಾಕ, ಅಂದರೆ ಏನೇನು ಎಷ್ಟು ಬೆರೆಸಿದ್ದಾರೆ ಎಂಬುದು, ಗೊತ್ತಿಲ್ಲದ ಪಾತ್ರೆಗೆ ‘ಅಲಂಕಾರಕ್ಕೆ ಮಾತ್ರ’ ಎಂದು ಚೀಟಿ ಕಟ್ಟಿ, ಬಿಲ್ಲಿನಲ್ಲೂ ಬರೆಯಿರಿ.

ಗ್ಲೇಜ್ ಇಲ್ಲದ ಬಿಸಲೆ, ಓಡು (ಮಣ್ಣಿನ ಕಾವಲಿ), ಅನ್ನದ ಮಡಕೆಗಳಲ್ಲಿ ಬೇರೆ ತೊಂದರೆ. ವರ್ಷಗಟ್ಟಲೆ ಕಪಾಟಿನಲ್ಲಿ ಕೂತು ಧೂಳು, ಬೂಸ್ಟು ಹೀರಿರುತ್ತವೆ. ಕೆಲವಕ್ಕೆ ಪ್ರದರ್ಶನದಲ್ಲಿ ಚೆಂದ ಕಾಣಲಿ ಎಂದು ಯಾರೋ ರೆಡ್ ಆಕ್ಸೈಡ್ ಅಥವಾ ಪಾಲಿಶ್ ಬಳಿದಿರುತ್ತಾರೆ. ಅಂಥದ್ದನ್ನು ಅಡುಗೆಗೆ ಕೊಡಲೇಬಾರದು. ಏನೂ ಬಳಿಯದ್ದಾದರೆ ಬಿಸಿಲಿಗಿಟ್ಟು, ನಾರಿನಿಂದ ಉಜ್ಜಿ ತೊಳೆದು, ಅಕ್ಕಿ ತೊಳೆದ ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಆಮೇಲೆ ಗಂಜಿ ತಿಳಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ ತಣಿಯಲು ಬಿಡಬೇಕು. ಗಂಜಿಯ ಪಿಷ್ಟ ಸಣ್ಣ ರಂಧ್ರಗಳನ್ನು ತುಂಬುತ್ತದೆ, ನೀರು ಜಿನುಗುವುದು ಕಡಿಮೆಯಾಗುತ್ತದೆ. ಈ ಕ್ರಮವನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಪಾತ್ರೆಯ ಜೊತೆ ಕೊಡಿ. ಒಣ ಪಾತ್ರೆಯನ್ನು ನೇರ ದೊಡ್ಡ ಗ್ಯಾಸ್ ಉರಿಗೆ ಇಟ್ಟು ಬಿರುಕು ಬಿಟ್ಟಾಗ ಗಿರಾಕಿಗೆ ಬಂದು ಹೇಳಲು ಗ್ಯಾಲರಿ ಇರುವುದಿಲ್ಲ.

ತಳದಲ್ಲಿ ಬೆಳ್ಳಗೆ ಎದ್ದ ಪುಡಿ ಕಂಡರೆ ಬೂಸ್ಟೆಂದು ಎಸೆಯಬೇಡಿ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಟ್ಟ ಮಡಕೆಯಲ್ಲಿ ಉಪ್ಪು ಮೇಲೇಳುತ್ತದೆ, ಕಡಲ ಗಾಳಿಯಿರುವಲ್ಲಿ ಇದು ಸಾಮಾನ್ಯ. ಒಂದು ಹನಿ ನೀರು ಹಾಕಿ ನೋಡಿ. ಉಪ್ಪಾದರೆ ಕರಗುತ್ತದೆ, ಬೂಸ್ಟಾದರೆ ಮೆತ್ತಿಕೊಂಡು ಮುಗ್ಗಲು ವಾಸನೆ ಬರುತ್ತದೆ. ಉಪ್ಪಿಗೆ ಒಣ ಬ್ರಷ್ಷಿನಿಂದ ತೆಗೆದು, ಶುದ್ಧ ನೀರಿನಲ್ಲಿ ಮುಳುಗಿಸಿ ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ನಾಲ್ಕು ದಿನ ಇಟ್ಟು ನೆರಳಿನಲ್ಲಿ ಒಣಗಿಸುವುದೇ ಮದ್ದು. ಬಣ್ಣ ಹಚ್ಚಿದ್ದನ್ನು ನೀರಿಗೆ ಹಾಕಬೇಡಿ. ಮಕ್ಕಳ ಶಿಬಿರದಲ್ಲಿ ಮಾಡಿ ಸುಡದೆ ಉಳಿದ ಗೊಂಬೆಗಳನ್ನಂತೂ ಹಾಕಲೇಬೇಡಿ, ಅರ್ಧ ಗಂಟೆಯಲ್ಲಿ ಮತ್ತೆ ಕೆಸರಾಗುತ್ತವೆ.

ಯಾರೋ ದಾನ ಕೊಟ್ಟ ಹಳೆಯ ಮಣ್ಣಿನ ಮೂರ್ತಿಗಳಿದ್ದರೆ ಮಾರಾಟದ ಮೇಜಿಗೆ ತರಬೇಡಿ. ನೂರು ವರ್ಷ ದಾಟಿದ ಮಣ್ಣಿನ ಶಿಲ್ಪಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ಮಾರಲು ಪರವಾನಗಿ ಬೇಕು. ಪುರಾತತ್ತ್ವ ಇಲಾಖೆಯವರಿಗೆ ತೋರಿಸಿ ಮುಂದುವರಿಯಿರಿ.

ಕಟ್ಟುವ ವಿಷಯ. ಗ್ಲೇಜ್ ಇಲ್ಲದ ಮಡಕೆಗೆ ಮೊದಲ ಸುತ್ತು ಖಾಲಿ ಕಾಗದದ್ದೇ ಆಗಬೇಕು. ಪತ್ರಿಕೆಯ ಕಾಗದವನ್ನು ನೇರ ಸುತ್ತಿದರೆ ಅಕ್ಷರ ಮಣ್ಣಿಗೆ ಇಳಿಯುತ್ತದೆ. ಬಬಲ್ ಪ್ಲಾಸ್ಟಿಕ್ಕನ್ನೂ ನೇರ ಸುತ್ತಬೇಡಿ, ಒಳಗೆ ಬೆವತು ಬೂಸ್ಟು ಬರುತ್ತದೆ. ಮಡಕೆಯ ಹೊಟ್ಟೆಯೊಳಗೆ ಕಾಗದದ ಉಂಡೆ ಸಡಿಲವಾಗಿ ತುಂಬಿ. ಬಿಗಿಯಾಗಿ ಗಿಡಿದರೆ ಒಳಗಿನಿಂದ ಒತ್ತಿ ಕುತ್ತಿಗೆ ಸೀಳುತ್ತದೆ. ಹೂಜಿಯ ಕೊಕ್ಕು, ಚಹಾ ಕಪ್ಪಿನ ಹಿಡಿ ಮೊದಲು ಒಡೆಯುವ ಭಾಗಗಳು. ಅವುಗಳ ಸುತ್ತಲಿನ ಖಾಲಿ ಜಾಗವನ್ನು ಕಾಗದದಿಂದ ತುಂಬಿಸಿ ದೇಹದ ಮಟ್ಟಕ್ಕೆ ತಂದು, ಆಮೇಲೆ ಇಡಿಯಾಗಿ ಸುತ್ತಿ. ಮುಚ್ಚಳ ಬೇರೆ ಸುತ್ತಿ ಅದೇ ಪೆಟ್ಟಿಗೆಗೆ, ಅದೇ ಸಂಖ್ಯೆ ಬರೆದು. ತಟ್ಟೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆಯ ನಡುವೆ ಬೀಳುತ್ತದೆ. ತಳದಲ್ಲಿ ಮತ್ತು ನಾಲ್ಕೂ ಬದಿಯಲ್ಲಿ 5 ಸೆಂಟಿಮೀಟರ್ ಮೆತ್ತೆ ಇರಲಿ. ಬೈಹುಲ್ಲು ಈ ಕೆಲಸಕ್ಕೆ ಬಹಳ ಒಳ್ಳೆಯದು, ಗರಿಗರಿ ಒಣಗಿದ್ದಾದರೆ ಮಾತ್ರ. ಒಂದು ಪೆಟ್ಟಿಗೆ 12 ಕೆ.ಜಿ. ಮೀರದಿರಲಿ, ಮೀರಿದರೆ ಹೊರುವವರು ಕೆಳಗಿಡುವುದಿಲ್ಲ, ಕೈಬಿಡುತ್ತಾರೆ. ಮುಚ್ಚಿದ ಮೇಲೆ ಮೆಲ್ಲಗೆ ಅಲುಗಾಡಿಸಿ. ಸದ್ದು ಬಂದರೆ ಮತ್ತೆ ಬಿಚ್ಚಿ ಕಟ್ಟಿ. ಕಾರ್ಕಳ, ಬೆಳ್ತಂಗಡಿಗೆ ಗೂಡ್ಸ್ ಆಟೋದಲ್ಲಿ ಹೋಗುವುದಕ್ಕೆ ಇಷ್ಟು ಸಾಕು. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಲಾರಿಯಲ್ಲಿ ಹೋಗುವ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗಿಟ್ಟು ನಡುವೆಯೂ ಮೆತ್ತೆ ತುಂಬಬೇಕು.

ಈಗ ಭಟ್ಟಿಗೆ ಬರೋಣ. ಗ್ಯಾಲರಿಯ ಹಿಂದೆ ಕಾರ್ಯಾಗಾರವಿದ್ದರೆ ಎಲ್ಲದಕ್ಕಿಂತ ಬೆಲೆಬಾಳುವ ಆಸ್ತಿ ಅದೇ, ಅವಸರದಲ್ಲಿ ಹಾಳಾಗುವುದೂ ಅದೇ. ಬಿಚ್ಚುವ ಮೊದಲು ಅದರಲ್ಲಿ ಮುಗಿಸಬೇಕಾದ ಕೆಲಸವಿದೆ. ಸದಸ್ಯರ ಹಸಿ ಮಡಕೆಗಳು ಸಾಗಾಟ ತಾಳುವುದಿಲ್ಲ. 900ರಿಂದ 1000 ಡಿಗ್ರಿಯಲ್ಲಿ ಒಮ್ಮೆ ಬಿಸ್ಕ್, ಅಂದರೆ ಗ್ಲೇಜ್ ಹಚ್ಚದೆ, ಸುಟ್ಟರೆ ಹೊತ್ತುಕೊಂಡು ಹೋಗಬಹುದು. ಆದ್ದರಿಂದ ಕೊನೆಯ ಸುಡುವ ದಿನ ಗೊತ್ತು ಮಾಡಿ, ಅದಕ್ಕೆ ಒಂದು ತಿಂಗಳು ಮೊದಲೇ ತಿಗರಿ ನಿಲ್ಲಿಸಿ. ನಮ್ಮ ಹವೆಯಲ್ಲಿ ಒಂದು ಸೆಂಟಿಮೀಟರ್ ದಪ್ಪದ ಮಡಕೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಆಗಿಲ್ಲ. ಅವಸರದಲ್ಲಿ ಸುಟ್ಟರೆ ಆ ನೀರು ಆವಿಯಾಗಿ ಮಡಕೆ ಸಿಡಿಯುತ್ತದೆ, ಪಕ್ಕದವರ ಮಡಕೆಯನ್ನೂ ಒಡೆಯುತ್ತದೆ.

ಉಳಿದ ಗ್ಲೇಜಿಗೂ ಈ ಕೊನೆಯ ಸುಡುವಿಕೆ ಬೇಕು. ಚೆನ್ನಾಗಿರುವ ಬಕೆಟ್ಟುಗಳನ್ನು ಪಾಕ, ಸುಡುವ ಉಷ್ಣತೆ ಬರೆದು ಬೇರೆ ಸ್ಟುಡಿಯೋಗೆ ಕೊಡಿ. ಹೆಸರಿಲ್ಲದ, ಬೆರೆತುಹೋದ ಗ್ಲೇಜನ್ನು ಯಾರೂ ಒಯ್ಯುವುದಿಲ್ಲ. ಅದನ್ನು ಚರಂಡಿಗೆ ಸುರಿದರೆ ತಾಮ್ರ, ಕೋಬಾಲ್ಟ್, ಮ್ಯಾಂಗನೀಸ್ ಎಲ್ಲ ರಾಜಕಾಲುವೆ ಸೇರಿ ಹೊಳೆಗೂ ಕಡಲಿಗೂ ಹೋಗುತ್ತದೆ. ಬಕೆಟ್ಟನ್ನು ಒಂದು ವಾರ ಅಲುಗಿಸದೆ ಇಡಿ. ಮೇಲೆ ನಿಂತ ತಿಳಿ ನೀರನ್ನೂ ಚರಂಡಿಗೆ ಬಿಡದೆ ಅಗಲ ಬೋಗುಣಿಯಲ್ಲಿ ಆವಿಯಾಗಲು ಬಿಡಿ, ಕರಗಿದ ಲೋಹ ಅದರಲ್ಲೂ ಇರಬಹುದು. ಕೆಳಗಿನ ಗಸಿಯನ್ನು ದಪ್ಪಗಿನ ಬಿಸ್ಕ್ ಬಟ್ಟಲುಗಳಲ್ಲಿ ಅರ್ಧದವರೆಗೆ ಮಾತ್ರ ತುಂಬಿ ಒಣಗಿಸಿ, ಗ್ಲೇಜ್ ಕರಗುವ ಉಷ್ಣತೆಗೆ ಸುಡಿ. ಪೂರ್ತಿ ತುಂಬಿದರೆ ಕುದಿದು ಉಕ್ಕಿ ಭಟ್ಟಿಯೊಳಗಿನ ಹಲಗೆಗೆ ಅಂಟುತ್ತದೆ. ಅದಕ್ಕೆ ಹಾಳಾದರೂ ಚಿಂತೆಯಿಲ್ಲದ ಒಂದು ಹಲಗೆಯ ಮೇಲೆ ಅಲ್ಯುಮಿನಾ ಲೇಪ ಬಳಿದು ಬಟ್ಟಲು ಇಡಿ. ಗಾಜಿನ ಗಟ್ಟಿಯಾಗಿ ಹೊರಬರುವುದನ್ನು ಸಾಗಿಸುವುದು ಸುಲಭ. ಸೀಸದ ಸಾಮಗ್ರಿ, ಬೇರಿಯಂ ಕಾರ್ಬೊನೇಟ್ ಇದ್ದರೆ ಹೀಗೆ ಮಾಡಬೇಡಿ. ಎರಡೂ ವಿಷ. ಮುಚ್ಚಿದ ಡಬ್ಬಿಯಲ್ಲೇ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯಲು ಅನುಮತಿ ಇರುವವರಿಗೇ ಕೊಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಆವೆಮಣ್ಣಿಗೆ ಈ ಚಿಂತೆ ಯಾವುದೂ ಇಲ್ಲ. ಒಣಗಿಸಿ ಚೀಲಕ್ಕೆ ತುಂಬಿ ಯಾವ ಕುಂಬಾರರಿಗೆ ಕೊಟ್ಟರೂ ನೆನೆಸಿ ಬಳಸುತ್ತಾರೆ.

ವಿದ್ಯುತ್ ಭಟ್ಟಿ ಸಾಗಿಸುವಾಗ ತಂತಿಯ ಬಗ್ಗೆ ತಿಳಿದಿರಬೇಕು. ಭಟ್ಟಿಯನ್ನು ಕಾಯಿಸುವ ಕಾಂತಾಲ್ ತಂತಿ ಹೊಸದಿದ್ದಾಗ ಬಾಗುತ್ತದೆ. ಒಮ್ಮೆ ಸುಟ್ಟ ಮೇಲೆ ತಣ್ಣಗಿರುವಾಗ ಮುಟ್ಟಿದರೆ ಮುರಿಯುವಷ್ಟು ಬಿರುಸಾಗುತ್ತದೆ. ಸಾಗಿಸುವ ಮೊದಲು ಮಲ್ಟಿಮೀಟರ್ ಹಿಡಿದು ಪ್ರತಿಯೊಂದು ಸುರುಳಿಯ ಓಮ್ (ವಿದ್ಯುತ್ ನಿರೋಧದ ಅಳತೆ) ಬರೆದಿಡಿ. ಹೊಸ ಜಾಗದಲ್ಲಿ ಮತ್ತೆ ಅಳೆಯಿರಿ. ಮೀಟರ್ ಅಳತೆ ತೋರಿಸದಿದ್ದರೆ ಆ ಸುರುಳಿ ತುಂಡಾಗಿದೆ. ಹೊಸದಾಗಿದ್ದಾಗಿನ ಅಳತೆಗಿಂತ ಶೇ. 10ಕ್ಕೂ ಹೆಚ್ಚು ಏರಿದ್ದರೆ ತಂತಿ ಮುಗಿಯುತ್ತ ಬಂದಿದೆ ಎಂದು ತಿಳಿಯಿರಿ, ಕೊಳ್ಳುವವರಿಗೆ ಅದನ್ನು ಮುಚ್ಚಿಡದೆ ಹೇಳಿ. ಹಲಗೆ, ಕಂಬಗಳನ್ನೆಲ್ಲ ಹೊರತೆಗೆಯಿರಿ. ಹಲಗೆಗಳನ್ನು ನಿಲ್ಲಿಸಿಯೇ ಕಟ್ಟಬೇಕು. ಉಷ್ಣತೆ ಅಳೆಯುವ ಥರ್ಮೊಕಪಲ್ ಬಿಚ್ಚಿ ಬೇರೆ ಡಬ್ಬಿಗೆ ಹಾಕಿ. ಎಸ್ ಬಗೆಯದ್ದಾದರೆ ಅದರಲ್ಲಿ ಪ್ಲಾಟಿನಂ ಇದೆ, ಗುಜರಿಯ ರಾಶಿಗೆ ಹೋಗಬಾರದು. ಒಳಗೆ ಸ್ಪಂಜು ಅಥವಾ ಮೆತ್ತನೆಯ ಕಾಗದ ತುಂಬಿ ಬಾಗಿಲು ಕಟ್ಟಿ, ನಿಂತ ಭಂಗಿಯಲ್ಲೇ ಸಾಗಿಸಿ. ಮಲಗಿಸಿದರೆ ಒಳಗಿನ ಹಗುರ ಇಟ್ಟಿಗೆಯ ಕಚ್ಚು ಒಡೆದು ತಂತಿ ಜಾರುತ್ತದೆ. ಮುಂಬಾಗಿಲಿನ ಸಣ್ಣ ಭಟ್ಟಿಯೂ 200 ಕೆ.ಜಿ. ದಾಟುವುದುಂಟು, ಬಾಗಿಲ ಅಗಲ ಮೊದಲೇ ಅಳೆದಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮೊದಲ ಸಲ ಖಾಲಿ ಭಟ್ಟಿಯನ್ನು 100–120 ಡಿಗ್ರಿಯಲ್ಲಿ ಕೆಲವು ಗಂಟೆ ನಿಲ್ಲಿಸಿ ಇಟ್ಟಿಗೆಯ ತೇವ ತೆಗೆದು ಆಮೇಲೆ ಏರಿಸಬೇಕು.

ಹಳೆಯ ಗ್ಯಾಸ್ ಭಟ್ಟಿಯ ಒಳಗೆ ಬಿಳಿ ಹತ್ತಿಯಂತಿರುವ ಸೆರಾಮಿಕ್ ಫೈಬರ್ ಇದ್ದರೆ ಕೈಯಿಂದ ಕೀಳಬೇಡಿ. ಹಲವು ವರ್ಷ 1000 ಡಿಗ್ರಿ ಮೀರಿ ಕಾದ ಫೈಬರ್ ಪುಡಿಯಾಗುತ್ತದೆ. ಅದರಲ್ಲಿ ಶ್ವಾಸಕೋಶಕ್ಕೆ ಕೆಟ್ಟದಾದ ಕ್ರಿಸ್ಟೊಬಲೈಟ್ ಹುಟ್ಟಿರುತ್ತದೆ. ನೀರು ಸಿಂಪಡಿಸಿ ಒದ್ದೆ ಮಾಡಿ, ಎನ್95ಗೆ ಕಡಿಮೆಯಿಲ್ಲದ ಮಾಸ್ಕ್, ಉದ್ದ ತೋಳಿನ ಅಂಗಿ, ಕೈಗವಸು ಹಾಕಿ, ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ. ಸೌದೆ ಭಟ್ಟಿಯ ಕಮಾನು ಬಿಚ್ಚುವಾಗ ಕೆಳಗೆ ಮರದ ಆಸರೆ ಕೊಡದೆ ನಡುವಿನ ಇಟ್ಟಿಗೆ ತೆಗೆದರೆ ಇಡೀ ಕಮಾನು ಕುಸಿಯುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ್ದಾದರೆ ಬೆಂಕಿ ಇಟ್ಟಿಗೆಗಳು ಮೆಲ್ಲಗೆ ತಟ್ಟಿದರೆ ಬಿಡಿಸಿಕೊಳ್ಳುತ್ತವೆ, ಬಹುಪಾಲು ಮತ್ತೆ ಬಳಕೆಗೆ ಬರುತ್ತವೆ.

ವಿದ್ಯುತ್ ತಿಗರಿಗಳು ಯೋಜನೆಯಲ್ಲಿ ಬಂದವಾದರೆ ಕಾಗದ ನೋಡದೆ ಯಾರಿಗೂ ಕೊಡಬೇಡಿ. 2018ರಲ್ಲಿ ಶುರುವಾದ ಖಾದಿ ಆಯೋಗದ ಕುಂಬಾರ ಸಬಲೀಕರಣ ಯೋಜನೆಯಂಥವುಗಳಲ್ಲಿ ತಿಗರಿ ಫಲಾನುಭವಿಯ ಹೆಸರಿಗೆ ಬಂದಿರುತ್ತದೆ, ಗ್ಯಾಲರಿಯಲ್ಲಿ ಇದ್ದ ಮಾತ್ರಕ್ಕೆ ಗ್ಯಾಲರಿಯದ್ದಾಗುವುದಿಲ್ಲ.

ಕಾಗದಪತ್ರದ ಮಾತು ಚುಟುಕಾಗಿ ಹೇಳುತ್ತೇವೆ, ನಿಮ್ಮ ಆಡಿಟರ್ ವಿವರವಾಗಿ ಹೇಳುತ್ತಾರೆ. ಗ್ಯಾಲರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಮಹಾಸಭೆಯ ವಿಶೇಷ ನಿರ್ಣಯ ಬೇಕು. ಸಾಲ ತೀರಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಬಗೆಯ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಪುತ್ತೂರು, ಪೆರ್ಡೂರಿನ ಕುಂಬಾರರ ಗುಡಿ ಕೈಗಾರಿಕಾ ಸಂಘಗಳಂತೆ ಸಹಕಾರಿಯಾಗಿದ್ದರೆ ಕಾಯ್ದೆ ಬೇರೆ, 1959ರದ್ದು, ದಾರಿಯೂ ಬೇರೆ. ಆದಾಯ ತೆರಿಗೆಯಲ್ಲಿ ಧರ್ಮಾರ್ಥ ಸಂಸ್ಥೆಯೆಂದು ನೋಂದಾಯಿಸಿದ್ದರೆ ವಿಸರ್ಜನೆಯಾದ ತಿಂಗಳ ಕೊನೆಯಿಂದ 12 ತಿಂಗಳೊಳಗೆ ಆಸ್ತಿಯನ್ನು ಅಂಥದೇ ನೋಂದಾಯಿತ ಸಂಸ್ಥೆಗೆ ವರ್ಗಾಯಿಸಿ, ಇಲ್ಲದಿದ್ದರೆ ಅದರ ಮೇಲೆ ತೆರಿಗೆ ಬೀಳುತ್ತದೆ. ಜಿಎಸ್‌ಟಿ ಇದ್ದರೆ ರದ್ದತಿಗೆ ಆರ್‌ಇಜಿ-16 ಅರ್ಜಿ, ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಸಲ್ಲಿಸಬೇಕು. ಇದನ್ನು ಮರೆಯುವವರೇ ಹೆಚ್ಚು, ದಂಡದ ನೋಟಿಸ್ ಪದಾಧಿಕಾರಿಗಳ ಮನೆಗೆ ಬರುತ್ತದೆ. ಲೆಕ್ಕದ ಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಯಾರ ಮನೆಯಲ್ಲಿ ಎಂದು ನಿರ್ಣಯದಲ್ಲೇ ಬರೆಯಿರಿ.

ಲೆಕ್ಕದ ಪುಸ್ತಕಕ್ಕೆ ಕಾನೂನಿನ ಕಾವಲಿದೆ. ಕಾವಲಿಲ್ಲದ ಪುಸ್ತಕಗಳ ಬಗ್ಗೆ ನಮಗೆ ಹೆಚ್ಚು ಕಾಳಜಿ. ಯಾವ ಗದ್ದೆಯ ಮಣ್ಣಿಗೆ ಎಷ್ಟು ಮರಳು ಬೆರೆಸಿದರು, ಭಟ್ಟಿ ಯಾವ ಗಂಟೆಗೆ ಎಷ್ಟು ಡಿಗ್ರಿ ಏರಿತು, ಯಾವ ಗ್ಲೇಜ್ ಎಷ್ಟರಲ್ಲಿ ಕೂಡಿತು, ಬಿಸಲೆಯ ಅಂಚನ್ನು ಹಾಗೆ ಮಡಿಸುತ್ತಿದ್ದವರು ಯಾರು ಎಂದು ಬರೆದಿಟ್ಟ ನೋಟ್ ಪುಸ್ತಕಗಳು ಖಾಲಿ ಮಾಡುವ ದಿನ ರದ್ದಿಗೆ ಹೋಗುತ್ತವೆ. ಅವನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ಪ್ರತಿ ಬಗೆಯ ಮಡಕೆಯಿಂದ ಒಂದನ್ನಾದರೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮುಂದಿನಿಂದ, ಒಳಗಿನಿಂದ, ತಳದಿಂದ ಫೋಟೋ ತೆಗೆಯಿರಿ. ತುಳುವಿನ ಹೆಸರನ್ನು ಮಾಡಿದವರು ಹೇಳುವ ಹಾಗೆಯೇ ಬರೆಯಿರಿ. ಗ್ಲೇಜಿನ ಪಾಕ ಒಬ್ಬರ ಸ್ವಂತದ್ದಾದರೆ ಅವರ ಒಪ್ಪಿಗೆಯಿಲ್ಲದೆ ಹಂಚಬೇಡಿ. ಒಂದು ಪ್ರತಿ ಸದಸ್ಯರಿಗೆ, ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ ಅಥವಾ ಸಂಶೋಧನಾ ಕೇಂದ್ರಕ್ಕೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಕೇಳಿ ನೋಡಿ. ಈ ಕೆಲಸಕ್ಕೆ ಎಣಿಕೆಯ ತಿಂಗಳೇ ಸರಿಯಾದ ಹೊತ್ತು. ಹೇಗೂ ಪ್ರತಿ ಮಡಕೆ ಕೈಗೆ ಬಂದಿರುತ್ತದೆ, ಒಪ್ಪಿಸಲು ಬರುವ ಕುಂಬಾರರೂ ಎದುರಿಗಿರುತ್ತಾರೆ.

ಬ್ಯಾಂಕ್ ಖಾತೆ ಎಲ್ಲಕ್ಕಿಂತ ಕೊನೆಗೆ. ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿಟ್ಟ ಠೇವಣಿ, ಕಟ್ಟಡದ ಅಡ್ವಾನ್ಸ್, ತೆರಿಗೆಯ ಮರುಪಾವತಿ ಎಲ್ಲ ಸಂಸ್ಥೆಯ ಹೆಸರಿಗೇ ಬರುತ್ತವೆ. ಖಾತೆ ಮೊದಲೇ ಮುಚ್ಚಿದರೆ ಆ ಚೆಕ್ಕುಗಳನ್ನು ಯಾರೂ ನಗದು ಮಾಡಿಕೊಳ್ಳಲಾಗುವುದಿಲ್ಲ.

ಉಪನ್ಯಾಸದ ಕೊನೆಗೆ ಸಭೆಯಿಂದ ಒಂದು ಪ್ರಶ್ನೆ ಬಂತು: ಎರಡು ಮೂರು ವರ್ಷದಲ್ಲಿ ಮತ್ತೆ ತೆರೆಯುವ ಆಸೆಯಿದ್ದರೆ ಏನು ಮಾಡಬೇಕು? ಹಾಗಿದ್ದರೆ ಸಂಘವನ್ನು ವಿಸರ್ಜಿಸಬೇಡಿ, ಅಂಗಡಿ ಮಾತ್ರ ಮುಚ್ಚಿ. ಪ್ರತಿ ವರ್ಷ ಮಹಾಸಭೆ ಕರೆದು ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸುತ್ತಿದ್ದರೆ ಸಂಘ ಜೀವಂತ ಇರುತ್ತದೆ. ಭಟ್ಟಿಯನ್ನು ಮಾರದೆ, ಬಳಸುವ ಯಾರಾದರೂ ಕುಂಬಾರರಿಗೆ ಅಥವಾ ಶಾಲೆಗೆ ಬರಹದ ಕರಾರಿನಲ್ಲಿ ಕೊಟ್ಟಿಡಿ. ಕೊಟ್ಟ ದಿನದ ಓಮ್ ಅಳತೆ, ತಂತಿ ಬದಲಿಸುವ ಖರ್ಚು ಯಾರದ್ದು, ವಾಪಸು ಕೇಳಲು ಎಷ್ಟು ದಿನ ಮೊದಲು ಹೇಳಬೇಕು, ಈ ಮೂರು ಅದರಲ್ಲಿ ಇರಲಿ. ಬಳಸದೆ ಮೂಲೆಗಿಟ್ಟ ಭಟ್ಟಿ ನಮ್ಮ ಮಳೆಯಲ್ಲಿ ಎರಡು ವರ್ಷಕ್ಕೆ ತಗಡು ತುಕ್ಕು ಹಿಡಿದು, ಸ್ವಿಚ್ಚುಗಳು ಹಸಿರುಗಟ್ಟಿ ಕೂರುತ್ತದೆ. ತಿಂಗಳಿಗೊಮ್ಮೆಯಾದರೂ ಬಿಸಿಯಾಗುತ್ತಿದ್ದರೆ ಹಾಗಾಗುವುದಿಲ್ಲ. ಆದರೆ ಕುಂಬಾರರ ಮಾಲು ಮತ್ತು ಬಾಕಿ ಮಾತ್ರ ಹಾಗಿದ್ದರೂ ಈಗಲೇ ವಾಪಸು ಹೋಗಬೇಕು. ಮತ್ತೆ ತೆರೆಯುತ್ತೇವಲ್ಲ ಎಂದು ಅವರ ಮಡಕೆಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನಮಗಿಲ್ಲ.